ತುಳಿಮಣೆಗೆ ಎಟುಕಿದ ಕಾಲು

ಆ ಕಾಲದಲ್ಲಿ ನಮ್ಮ ಮನೆಯ ಒಲೆಯ ಮೇಲೆ ಎರಡು ಗಂಜಿ ಬೇಯುತ್ತಿದ್ದವು. ಒಂದು ನಮಗೆ, ಇನ್ನೊಂದು ನೂಲಿಗೆ. ನೂಲಿನ ಗಂಜಿಯೇ ಹೆಚ್ಚು ದಪ್ಪ ಎಂದು ಅಪ್ಪಯ್ಯ ತಮಾಷೆ ಮಾಡುತ್ತಿದ್ದರು. ನೇಕಾರರ ಮನೆಯಲ್ಲಿ ಬೆಳೆದವರಿಗೆ ಆ ವಾಸನೆಯನ್ನು ವಿವರಿಸಬೇಕಾಗಿಲ್ಲ. ಸ್ವಲ್ಪ ಹುಳಿ, ಸ್ವಲ್ಪ ಹೊಗೆ, ಬಿಸಿಲಿಗೆ ಕಾದ ಹತ್ತಿ. ಬೇಸಗೆ ರಜೆ ಬಂತೆಂದರೆ ಅಂಗಳದ ಒಂದು ಕಡೆ ಗಂಜಿ ಹಾಕಿದ ನೂಲು, ಇನ್ನೊಂದು ಕಡೆ ಅಮ್ಮನ ಹಲಸಿನ ಹಪ್ಪಳ. ಕಾಗೆ ಕಾಯುವ ಕೆಲಸ ನನ್ನದು. ಕಾಗೆಗೆ ನೂಲು ಬೇಕಿರಲಿಲ್ಲ, ಹಪ್ಪಳ ಬೇಕಿತ್ತು. ನನಗೆ ಹಪ್ಪಳವೂ ಬೇಕಿರಲಿಲ್ಲ, ಮಗ್ಗ ಬೇಕಿತ್ತು.

ನಮ್ಮ ಮನೆ ಬ್ರಹ್ಮಾವರದ ಪೇಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಒಂದಾನೊಂದು ಕಾಲಕ್ಕೆ ಕೇರಿಯಲ್ಲಿ ಮನೆಗೊಂದು ಮಗ್ಗವಿತ್ತಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಮೂರು ಉಳಿದಿದ್ದವು. ಅಪ್ಪಯ್ಯ ಮಗ್ಗ ಬಿಟ್ಟು ಹಂಚಿನ ಕಾರ್ಖಾನೆಗೆ ಸೇರಿಕೊಂಡಿದ್ದರು. ನಮ್ಮ ಮಗ್ಗದಲ್ಲಿ ಕೂರುತ್ತಿದ್ದವಳು ಅವರ ಅಕ್ಕ ಗಿರಿಜತ್ತೆ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಜಗಲಿಯ ನೆಲದಲ್ಲಿ ಮೊಣಕಾಲುದ್ದದ ಗುಂಡಿ, ಅದರೊಳಗೆ ಕಾಲಿನಿಂದ ಒತ್ತುವ ಎರಡು ಮರದ ತುಳಿಮಣೆ, ಮೇಲೆ ಮಗ್ಗ. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಅತ್ತೆ ಕೂತರೆ ಮನೆಯಲ್ಲಿ ಯಾರು ಕರೆದರೂ ಅವಳಿಗೆ ಕೇಳುತ್ತಿರಲಿಲ್ಲ.

ನಾನು ಎಂಟು ವರ್ಷದವಳಿದ್ದಾಗ ಅವಳನ್ನು ಕಾಡಿ ಬೇಡಿ ಒಂದು ಮಾತು ತೆಗೆದುಕೊಂಡಿದ್ದೆ.

"ತುಳಿಮಣಿಗೆ ಕಾಲ್ ಎಟ್ಕಿದ್ ದಿನ ನಿನ್ನ ಕೂರ್ಸ್ತೆ. ಅಲ್ಲಿವರಿಗೆ ಕಂಡ್ಕಿ ಸುತ್ತ್" ಅಂದಿದ್ದಳು.

ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಕಡ್ಡಿ. ಶಾಲೆಯಿಂದ ಬಂದವಳೇ ರಾಟೆ ಮುಂದೆ ಕೂತು ಸುತ್ತುತ್ತಿದ್ದೆ. ಓರಗೆಯ ಮಕ್ಕಳು ಗುಡ್ಡೆಯಲ್ಲಿ ಗೇರುಬೀಜದ ಆಟ ಆಡುವಾಗಲೂ ನಾನು ರಾಟೆಯ ಮುಂದೆಯೇ. ಒಂದು ತಿಂಗಳಿಗೊಮ್ಮೆ ಗುಂಡಿಗೆ ಕಾಲಿಟ್ಟು ಅಳೆದು ನೋಡುವುದು, ಎಟುಕದೆ ಮುಖ ಸಣ್ಣ ಮಾಡಿಕೊಂಡು ಎದ್ದುಬರುವುದು. ಹೀಗೆ ಮೂರು ವರ್ಷ ಕಳೆಯಿತು.

ಅತ್ತೆಯ ಕಣ್ಣೇ ಬೇರೆ. ಹಣ್ಣಾದ ಗೇರುಹಣ್ಣನ್ನು ಕೈಯಲ್ಲಿ ತಿರುಗಿಸುತ್ತಾ, "ಈ ಕೆಂಪ್ ನೂಲಲ್ಲ್ ಸಿಕ್ಕುದಿಲ್ಲೆ ಕಾಣ್" ಎಂದು ಕೊರಗುವವಳು. ಹಲಸಿನ ಎಲೆಯ ಬೆನ್ನಿನ ಬಣ್ಣವನ್ನು ಸೀರೆಯ ಒಡಲಿಗೆ, ಎದುರಿನ ಬಣ್ಣವನ್ನು ಅಂಚಿಗೆ ಹಾಕಿದವಳು. ಅವಳ ಜೊತೆ ಹೋದರೆ ದಾರಿ ಸಾಗುತ್ತಿರಲಿಲ್ಲ. ಹಾಗೆ ನಿಂತು ನೋಡುವುದನ್ನು ನನಗೆ ಅಂಟಿಸಿದವಳೂ ಅವಳೇ.

ತೊಂಬತ್ತೆಂಟರ ಬೇಸಗೆ ಇರಬೇಕು. ಕೋಟ ಪಡುಕೆರೆಯಲ್ಲಿ ನೆಂಟರ ಮನೆಗೆ ಹೋದವರು ಸಂಜೆ ಸಮುದ್ರದಂಡೆಗೆ ಇಳಿದೆವು. ನೀರು ಹಿಂದೆ ಸರಿದ ಒದ್ದೆ ಮರಳಲ್ಲಿ ಸಣ್ಣ ಏಡಿಗಳು ಬಿಲ ತೋಡಿದ್ದವು. ಪ್ರತಿ ಬಿಲದ ಸುತ್ತ ಸಾಸಿವೆಗಿಂತ ಒಂದಿಷ್ಟು ದೊಡ್ಡ ಮರಳಿನ ಉಂಡೆಗಳು, ಸಾಲು ಸಾಲಾಗಿ.

"ಅತ್ತೆ, ಕಾಣ್. ಏಡಿ ಬುಟ್ಟ ಹಾಕಿತ್ತ್" ಅಂದೆ. ಸೀರೆಯ ಒಡಲಲ್ಲಿ ಅಲ್ಲಲ್ಲಿ ಬರುವ ಚಿತ್ತಾರಕ್ಕೆ ನಾವು ಬುಟ್ಟ ಅನ್ನುತ್ತೇವೆ.

ಅತ್ತೆ ಸೀರೆ ಎತ್ತಿಕಟ್ಟಿ ಕುಕ್ಕರುಗಾಲಲ್ಲಿ ಕೂತಳು. ತುಂಬ ಹೊತ್ತು ನೋಡಿದಳು. "ಎಣ್ಸಿ ನೆನಪಿಟ್ಕೋ. ಈಗ ನೀರ್ ಬಂದ್ ಅಳಸತ್ತ್" ಅಂದಳು.

ಮನೆಗೆ ಬಂದು ಲೆಕ್ಕದ ಚೌಕುಳಿ ಪುಸ್ತಕದಲ್ಲಿ ಚೌಕಕ್ಕೊಂದು ಚುಕ್ಕಿಯಂತೆ ಬರೆದುಕೊಟ್ಟೆ. ಅತ್ತೆ ಅದನ್ನು ಎದುರಿಗಿಟ್ಟುಕೊಂಡು ನೇಯ್ದಳು. ಮೊದಲ ಬುಟ್ಟ ಮುಗಿದ ಮೇಲೆ ಗೊತ್ತಾಯಿತು, ಬಲಬದಿಯಲ್ಲಿ ಒಂದು ಚುಕ್ಕಿಯನ್ನು ನಾನು ಒಂದು ಚೌಕ ಆಚೆ ಇಟ್ಟಿದ್ದೆ. ಸಾಲು ಬಿಟ್ಟು ಹೊರಗೆ ನಿಂತಿತ್ತು. ನನಗೆ ಅಳು ಬಂತು.

"ಇರ್ಲಿ ಬಿಡ್. ಏಡಿ ಎಂತ ಲೆಕ್ಕ ಕಲ್ತದ್ದಾ?" ಎಂದು ಅತ್ತೆ ನಕ್ಕಳು. ಆಮೇಲೆ ಹೇಳಿದ ಮಾತು ನನಗೆ ಈಗಲೂ ಅಕ್ಷರ ಅಕ್ಷರ ನೆನಪಿದೆ. "ಇದ್ ನಿನ್ನ ಬುಟ್ಟ. ನೀನ್ ಮಗ್ಗದಲ್ಲ್ ಕೂಕಂಬ ವರಿಗೆ ಬೇರೆ ಯಾರಿಗೂ ಕೊಡುದಿಲ್ಲೆ."

ಅದೇ ರಜೆಯಲ್ಲಿ ಪೇಟೆಯ ನೇಕಾರರ ಸಂಘದವರು ಹೊಸಬರಿಗೆ ನೇಯ್ಗೆ ಕಲಿಸುವ ತರಗತಿ ಶುರುಮಾಡಿದರು. ಕಲಿಸುವವಳು ಅತ್ತೆ. ಎಂಟು ಜನ ಹೆಂಗಸರು ಸೇರಿದ್ದರು. ಹೊಸ ಸೀರೆ ಉಟ್ಟು, ಕೊಡೆ ಹಿಡಿದು, ಟೀಚರಮ್ಮನ ಹಾಗೆ ಅತ್ತೆ ಹೊರಟಾಗ ನನಗೂ ಹೆಮ್ಮೆ.

"ನಾನೂ ಬತ್ತೆ ಅತ್ತೆ."

"ಮೊದ್ಲ್ ಹೊರಗಿನರ್ ಕಲೀಲಿ. ಮನಿ ಹೆಣ್ಣ್ ಎಲ್ಲ್ ಹೋತ್?" ಅಂದಳು. ಅದೂ ಸರಿಯೇ ಅನಿಸಿತು. ಅವಳ ಮಾತು ಸರಿಯಲ್ಲ ಎಂದು ಅನಿಸುವ ವಯಸ್ಸು ಅದಲ್ಲ.

ಮೂರನೇ ವಾರವೋ ಏನೋ. ಮಧ್ಯಾಹ್ನ ಅಮ್ಮ ಮಲಗಿದ್ದಾಗ ಮಗ್ಗದಲ್ಲಿ ಕೂತು ಕಾಲು ಚಾಚಿದೆ. ಎರಡೂ ಹೆಬ್ಬೆರಳು ತುಳಿಮಣೆಗೆ ತಾಗಿದವು. ಒತ್ತಿದೆ. ಮೇಲೆ ನೂಲಿನ ಕುಣಿಕೆಗಳ ಸಾಲು ಎದ್ದು ಇಳಿಯಿತು. ಮರುದಿನ ಅತ್ತೆಗೆ ಬುತ್ತಿ ಒಯ್ಯುವ ಕೆಲಸ ಅಮ್ಮನ ಕೈಯಿಂದ ಕಿತ್ತುಕೊಂಡು ಪೇಟೆಗೆ ಓಡಿದೆ. ಬಿಸಿಲಿಗೆ ಕಾಲು ಸುಡುತ್ತಿದ್ದದ್ದು ಗೊತ್ತೇ ಆಗಲಿಲ್ಲ.

ಸಂಘದ ಕೋಣೆಯಲ್ಲಿ ಕಿಟಕಿಯ ಹತ್ತಿರದ ಮಗ್ಗದಲ್ಲಿ ಸುಲೋಚನ ಕೂತಿದ್ದಳು. ಸಾಲಿಗ್ರಾಮದಿಂದ ಬಸ್ಸಲ್ಲಿ ಬರುತ್ತಿದ್ದ ಹುಡುಗಿ, ಅತ್ತೆ ಮನೆಯಲ್ಲಿ ದಿನಾ ಹೊಗಳುತ್ತಿದ್ದದ್ದು ಅವಳನ್ನೇ. ಅತ್ತೆ ಅವಳ ಬೆನ್ನ ಹಿಂದೆ ನಿಂತು, ಅವಳ ಕೈ ಮೇಲೆ ಕೈಯಿಟ್ಟು ಎಳೆ ಎಣಿಸುತ್ತಿದ್ದಳು. ಎದುರಿಗೆ ದಾರದಲ್ಲಿ ನೇತು ಹಾಕಿದ್ದದ್ದು ನನ್ನ ಲೆಕ್ಕದ ಪುಸ್ತಕದ ಹಾಳೆ. ಬಟ್ಟೆಯ ಮೇಲೆ ಏಡಿ ಬುಟ್ಟ ಅರ್ಧ ಎದ್ದಿತ್ತು.

"ಅತ್ತೆ, ನಂಗೆ ಕಾಲ್ ಎಟ್ಕತ್ತ್" ಅಂದೆ. ಹೇಳಲು ಓಡಿಬಂದ ಮಾತು, ತಡೆಯಲಾಗಲಿಲ್ಲ.

ಅತ್ತೆ ನನ್ನ ಮುಖ ನೋಡಲಿಲ್ಲ. "ಬುತ್ತಿ ಅಲ್ಲಿಡ್" ಅಂದಳು.

"ಈ ಹೆಣ್ಣ್ ಯಾರ್?" ಸುಲೋಚನ ಕೇಳಿದಳು. ಪಾಪ, ಅವಳಿಗೇನೂ ಗೊತ್ತಿರಲಿಲ್ಲ.

"ತಮ್ಮನ್ ಮಗಳ್. ಕಂಡ್ಕಿ ಸುತ್ತತ್ತ್."

"ಒಳ್ಳೇದಾಯ್ತ್. ಅದಕ್ಕೂ ಕಲ್ಸುದಾ?"

"ಇಲ್ಲೆ. ಅದಕ್ಕ್ ಮಗ್ಗ ಬ್ಯಾಡ. ಓದುಕಿತ್ತ್."

ಎಷ್ಟು ಸಲೀಸಾಗಿ ಹೇಳಿದಳು. ಎಂದೋ ತೀರ್ಮಾನವಾದ, ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿದ್ದ ಸಂಗತಿಯಂತೆ.

ಮನೆಗೆ ಬಂದು ನಾನು ಮಾಡಿದ್ದನ್ನು ಹೇಳಬೇಕಾದರೆ ಒಂದು ವಿಷಯ ತಿಳಿದಿರಬೇಕು. ನೇಯ್ದ ಬಟ್ಟೆಯನ್ನು ಮಗ್ಗದಿಂದ ಕತ್ತರಿಸಿ ತೆಗೆಯುವಾಗ ಉದ್ದಕ್ಕೆ ಬಿಗಿದ ಹಾಸಿನ ನೂಲನ್ನು ಪೂರ್ತಿ ತೆಗೆಯುವುದಿಲ್ಲ. ಬಾಚಣಿಗೆಯಂಥ ಹಣಿಗೆ ಮತ್ತು ಕುಣಿಕೆಗಳಲ್ಲಿ ಒಂದು ಗೇಣು ತುದಿ ಉಳಿಸುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ಹಳೆಯ ತುದಿಗೆ ಬೆರಳಲ್ಲಿ ಹೊಸೆದು ಸೇರಿಸುತ್ತಾರೆ. ಕೆಚ್ಚುವುದು ಎನ್ನುತ್ತಾರೆ ಅದಕ್ಕೆ. ಹಳೆಯದನ್ನು ಹಿಡಿದುಕೊಂಡೇ ಹೊಸದು ಒಳಗೆ ಬರಬೇಕು. ನಮ್ಮ ಮಗ್ಗ ಅಜ್ಜಯ್ಯನ ಕಾಲದಿಂದ ಒಂದು ದಿನವೂ ಬರಿದಾಗಿರಲಿಲ್ಲ. ಆ ವಾರ ಒಂದು ಹಾಸು ಮುಗಿದು, ಹಳೆಯ ತುದಿಗಳು ಹೊಸ ನೂಲಿಗೆ ಕಾಯುತ್ತಿದ್ದವು.

ನಾನು ಹಿಡಿಹಿಡಿಯಾಗಿ ಎಳೆದು ಅಷ್ಟನ್ನೂ ಕಿತ್ತೆ. ಒಂದು ಎಳೆಯನ್ನೂ ಉಳಿಸಲಿಲ್ಲ. ಏನು ಮಾಡುತ್ತಿದ್ದೇನೆ ಎಂದು ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಈಗ ಸುಳ್ಳು ಹೇಳುವುದಿಲ್ಲ.

ಸಂಜೆ ಅಪ್ಪಯ್ಯ ಬೆತ್ತಕ್ಕೆ ಕೈ ಹಾಕಿದರು. ಅತ್ತೆ ಬರಿದಾದ ಹಣಿಗೆಯ ಮೇಲೆ ಬೆರಳಾಡಿಸಿ, "ಹೊಡಿಬ್ಯಾಡ. ನಾಳಿಂದ ಎಳಿ ಕೊಡುಕ್ ಅದೇ ಕೂಕಣ್ಲಿ" ಅಂದಳು.

ಬರಿದಾದ ಮಗ್ಗಕ್ಕೆ ನೂಲು ಏರಿಸಲು ಇಬ್ಬರು ಬೇಕು. ಹಿಂದೆ ಕೂತವರು ಒಂದೊಂದೇ ಎಳೆ ಆಯ್ದು ಕೊಡಬೇಕು, ಮುಂದೆ ಕೂತವರು ಅದನ್ನು ಕುಣಿಕೆಯೊಳಗಿಂದ, ಹಣಿಗೆಯ ಸಂದಿಯಿಂದ ಎಳೆದುಕೊಳ್ಳಬೇಕು. ಸಾವಿರಕ್ಕೂ ಮೀರಿದ ಎಳೆಗಳು. ಬೆಳಿಗ್ಗೆ ತರಗತಿಗೆ ಹೋಗುವ ಮೊದಲು ಒಂದಿಷ್ಟು, ಸಂಜೆ ಬೆಳಕಿರುವವರೆಗೆ ಒಂದಿಷ್ಟು. ಅತ್ತೆ ಆಚೆ, ನಾನು ಈಚೆ, ನಡುವೆ ನೂಲಿನ ಪರದೆ. ಮೂರು ದಿನ ಒಂದು ಮಾತಿಲ್ಲ. ನಾಲ್ಕನೇ ದಿನ ನಾನೇ ಸೋತೆ.

"ನಂಗ್ ಎಂತಕ್ ಕಲ್ಸುದಿಲ್ಲೆ?"

"ನಿನ್ನ ಅಪ್ಪಯ್ಯಂಗ್ ಮಾತ್ ಕೊಟ್ಟಿದೆ. ಈ ಗುಂಡಿಗೆ ನಿನ್ನ ಇಳಿಸುದಿಲ್ಲೆ ಅಂತ."

"ಯಾವತ್ತ್?"

"ನೀನ್ ಹುಟ್ಟಿದ್ ವರ್ಷ."

ಎಳೆ ನನ್ನ ಬೆರಳಲ್ಲೇ ಉಳಿಯಿತು. "ಮತ್ತೆ ನಂಗ್ ಕೊಟ್ಟ್ ಮಾತ್?"

"ಅದ್ ಮಕ್ಕಳಿಗ್ ಹೇಳುದ್" ಅಂದಳು. ಆಮೇಲೆ ಕೈ ಚಾಚಿದಳು. "ಎಳಿ ಕೊಡ್."

ಕೊಟ್ಟೆ. ಹನ್ನೊಂದು ದಿನ ಕೊಟ್ಟೆ. ಮಗ್ಗದ ಕೆಲಸದಲ್ಲಿ ನಾನು ಅದಕ್ಕಿಂತ ಮುಂದೆ ಹೋಗಲಿಲ್ಲ. ರಾಟೆ ಮುಟ್ಟುವುದನ್ನೂ ಬಿಟ್ಟೆ.

ಎಲ್ಲ ನಿನ್ನ ಒಳ್ಳೆಯದಕ್ಕೇ ಎಂದು ಅಮ್ಮ ಎಷ್ಟೋ ಸಲ ಹೇಳಿದ್ದಾರೆ. ಒಳ್ಳೆಯದಾಗಿದೆ ಕೂಡ. ಸಿದ್ದಾಪುರದ ಕಡೆ ಶಾಲೆಯೊಂದರಲ್ಲಿ ಲೆಕ್ಕ ಕಲಿಸುತ್ತೇನೆ. ಮಕ್ಕಳ ಚೌಕುಳಿ ಪುಸ್ತಕ ತಿದ್ದುವುದೇ ನನ್ನ ಅನ್ನ. ಬೇಡ ಎಂದು ಮೊದಲ ದಿನವೇ ಹೇಳಿದ್ದರೆ ನಾಲ್ಕು ದಿನ ಅತ್ತು ಮರೆಯುತ್ತಿದ್ದೆ. ನಿಂತು ನೋಡುವ ಕಣ್ಣು ಕೊಟ್ಟು, ಆಸೆ ಹತ್ತಿಸಿ, ಮೂರು ವರ್ಷ ಕಂಡಿಕೆ ಸುತ್ತಿಸಿಕೊಂಡು, ನನ್ನ ಬುಟ್ಟವನ್ನು ನನ್ನೆದುರೇ ಇನ್ನೊಬ್ಬಳ ಕೈಗೆ ಹಾಕಿದ್ದನ್ನು ನಾನು ಕ್ಷಮಿಸಿಲ್ಲ. ಅತ್ತೆ ತೀರಿಕೊಂಡು ವರ್ಷಗಳಾದವು. ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದರು. ಗುಂಡಿಗೆ ಕೆಮ್ಮಣ್ಣು ತುಂಬಿ ಟೈಲ್ಸ್ ಹಾಸಿದ್ದಾರೆ. ಅದರ ಮೇಲೆ ನನ್ನ ತಮ್ಮನ ಬೈಕ್ ನಿಲ್ಲುತ್ತದೆ. ಒಲೆಯ ಮೇಲೆ ಈಗ ಒಂದೇ ಗಂಜಿ, ಅದೂ ಜ್ವರ ಬಂದಾಗ.

ಕೆಲವು ವರ್ಷದ ಹಿಂದೆ ಪೇಟೆಯಲ್ಲಿ ಕೈಮಗ್ಗದ ಸೀರೆ ಮಾರುವ ಕೋಣೆಯೊಂದಕ್ಕೆ ಹೋಗಿದ್ದೆ. ಹಲಸಿನೆಲೆ ಬಣ್ಣದ ಸೀರೆಯೊಂದನ್ನು ಅಲ್ಲಿದ್ದ ಹುಡುಗಿ ಬಿಡಿಸಿದಳು. ನೇಯ್ದವಳೂ ಅವಳೇ. ಒಡಲ ತುಂಬ ಏಡಿ ಬುಟ್ಟ.

"ಇದ್ ನಕ್ಷತ್ರ ಬುಟ್ಟ. ಹಿಂದಿನ ಕಾಲದ್ದ್. ಸುಲೋಚನ ಟೀಚರ್ ನಮಗೆ ಕಲ್ಸಿದ್."

ಬಲಬದಿಯಲ್ಲಿ, ಸಾಲಿನಿಂದ ಒಂದು ಚೌಕ ಆಚೆ, ಆ ಚುಕ್ಕಿ ಹಾಗೇ ನಿಂತಿತ್ತು. ಪ್ರತಿ ಬುಟ್ಟದಲ್ಲೂ.

"ಇಲ್ಲೊಂದ್ ತಪ್ಪಿತ್ತಲೆ" ಅಂದೆ. ಅದರ ಮೇಲೆ ಬೆರಳಿಟ್ಟೆ.

"ತಪ್ಪಲ್ಲ ಅಕ್ಕ. ಅದ್ ಹಾಂಗೇ ಬರ್ಕ್. ಒಳಗ್ ತಂದ್ರೆ ಟೀಚರ್ ಬಿಚ್ಚುಕ್ ಹೇಳ್ತ್ರ್." ನನ್ನ ಬೆರಳು ಆ ಚುಕ್ಕಿಯ ಮೇಲೇ ನಿಂತದ್ದನ್ನು ಕಂಡು ಕೇಳಿದಳು, "ನಿಮಗ್ ನೇಯುಕ್ ಬತ್ತಾ?"

"ಇಲ್ಲೆ. ಕಂಡ್ಕಿ ಸುತ್ತುಕ್ ಬತ್ತ್."

"ಅದಕ್ಕೆ ಈಗ ಮೋಟ್ರ್ ಇತ್ತಲೆ ಅಕ್ಕ" ಎಂದು ಅವಳು ಸೀರೆ ಮಡಚತೊಡಗಿದಳು.