ಪ್ಯಾಂಟ್ರಿಯಲ್ಲಿ ಒಂದು ಕನ್ನಡ ಪ್ರಾರ್ಥನೆ

ಇವತ್ತು ಬೆಳಿಗ್ಗೆ ಹೊರಗೆ ಕಣ್ಣುರಿಸುವಷ್ಟು ಹೊಗೆ. ಆಫೀಸಿನಲ್ಲಿ ಪಕ್ಕದ ಸೀಟಿನ ಹುಡುಗಿ ನೀಲಗಿರಿ ಎಣ್ಣೆಯ ಶೀಶೆ ತೆರೆದು ಕರವಸ್ತ್ರಕ್ಕೆ ಹನಿಸಿಕೊಂಡಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಕ್ಕ ಬಂದು ಕುಳಿತಂತಾಯಿತು. ಚಳಿಗಾಲ ಪೂರ್ತಿ ಅವರ ಸೆರಗಿನಲ್ಲಿ ಇದೇ ವಾಸನೆ ಇರುತ್ತಿತ್ತು. ಈಗ ಆ ಹುಡುಗಿ ಕೂರುವ ಸೀಟೂ ಆಗ ಅವರದೇ...

ನಮ್ಮದು ನೋಯ್ಡಾದಲ್ಲಿ ಆಸ್ಪತ್ರೆಯ ಬಿಲ್ಲುಗಳನ್ನು ನೋಡಿ, ವಿಮೆಯ ಹಣ ಕೊಡಬಹುದೋ ಬೇಡವೋ ಎಂದು ಹೇಳುವ ಆಫೀಸು. ಹೆಚ್ಚಾಗಿ ಬೇಡ ಎನ್ನುವುದೇ ನಮ್ಮ ಕೆಲಸ. ಎಲ್ಲರೂ ಅವರನ್ನು ಮ್ಯಾಮ್ ಎನ್ನುತ್ತಿದ್ದರು, ನಾನು ಮಾತ್ರ ಅಕ್ಕ ಎನ್ನುತ್ತಿದ್ದೆ. ಹಾಸನದ ಕಡೆಯ ಕ್ರೈಸ್ತರು. ಮನೆಯಲ್ಲೂ ಚರ್ಚಿನಲ್ಲೂ ಕನ್ನಡವನ್ನೇ ಕೇಳಿ ಬೆಳೆದವರು. ಇಡೀ ಮಹಡಿಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಅವರದು ಮಾತು ಕಡಿಮೆ, ನಾನು ಬಾಯಿಬಡುಕಿ. ಚೆನ್ನಾಗಿಯೇ ಹೊಂದಿಕೊಂಡಿದ್ದೆವು.

ಅವರ ಗಂಡನಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಡಯಾಲಿಸಿಸ್ ನಡೆಯುತ್ತಿದ್ದದ್ದು ಕಂಪನಿ ತನ್ನ ನೌಕರರ ಮನೆಯವರಿಗೂ ಕೊಡುವ ವಿಮೆಯ ಬಲದ ಮೇಲೆ. ಕೆಲಸ ಹೋದರೆ ವಿಮೆ ಹೋಯಿತು, ವಿಮೆ ಹೋದರೆ... ಅದನ್ನು ಅವರು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ಮೈಯಲ್ಲಿ ಜ್ವರವಿದ್ದರೂ ಬರುತ್ತಿದ್ದರು. ಮ್ಯಾನೇಜರ್ ಬೇರೆಯವರ ಕೆಲಸವನ್ನೂ ತಲೆಗೆ ಕಟ್ಟಿದರೆ ‘ಅಚ್ಛಾ ಸರ್’ ಎಂದು ಮಾಡಿ ಮುಗಿಸುತ್ತಿದ್ದರು. ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ‘ಯಾಕಕ್ಕ ಸುಮ್ನಿರ್ತೀರಾ?’ ಎಂದರೆ, ‘ದೇವರು ನೋಡ್ಕೋತಾನೆ ಬಿಡಮ್ಮ’ ಎನ್ನುತ್ತಿದ್ದರು. ನೋಡಿಕೊಳ್ಳುವುದಾದರೆ ಸ್ವಲ್ಪ ಬೇಗ ನೋಡಿಕೊಳ್ಳಬಾರದೇ ಎಂದು ನಾನು ಗೊಣಗುತ್ತಿದ್ದೆ.

ಒಂದು ಜನವರಿಯಲ್ಲಿ, ನಮ್ಮ ತಂಡದ ಘಾಜಿಯಾಬಾದಿನ ಹುಡುಗಿಯೊಬ್ಬಳ ಮಗು ನ್ಯುಮೋನಿಯಾ ಆಗಿ ಐಸಿಯು ಸೇರಿತು. ತಿಂಗಳ ಕೊನೆ, ಕೆಲಸ ಬಾಕಿಯಿದೆ ಎಂದು ಮ್ಯಾನೇಜರ್ ರಜೆ ಕೊಡಲಿಲ್ಲ. ಪ್ಯಾಂಟ್ರಿಯಲ್ಲಿ ಅಳುತ್ತ ನಿಂತಿದ್ದವಳು ಅಕ್ಕನ ಕೈ ಹಿಡಿದು, ‘ಮ್ಯಾಮ್, ಆಪ್ ಮೇರೇ ಬಚ್ಚೇ ಕೇ ಲಿಯೇ ಪ್ರೇಯರ್ ಕರ್ ದೀಜಿಯೇ’ ಎಂದು ಮಗುವಿಗಾಗಿ ಪ್ರಾರ್ಥಿಸಲು ಬೇಡಿಕೊಂಡಳು. ಅಕ್ಕ ಸುತ್ತಮುತ್ತ ನೋಡಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಗಟ್ಟಿಯಾಗಿಯೇ ಪ್ರಾರ್ಥಿಸಿದರು, ಕನ್ನಡದಲ್ಲಿ. ತರಕಾರಿಯ ಭಯ್ಯಾನ ಹತ್ತಿರ ಹಿಂದಿಯಲ್ಲಿ ಸರಾಗವಾಗಿ ಚೌಕಾಸಿ ಮಾಡುವ ಅವರಿಗೆ ಪ್ರಾರ್ಥನೆ ಮಾತ್ರ ಬೇರೆ ಭಾಷೆಯಲ್ಲಿ ಬರುತ್ತಿರಲಿಲ್ಲ.

ಅರ್ಥವಾಗದ ಭಾಷೆ, ತಲೆಯ ಮೇಲೆ ಕೈ. ಟೀ ತೆಗೆದುಕೊಳ್ಳಲು ಬಂದ ಯಾರೋ ಅದನ್ನು ಫೋನಿನಲ್ಲಿ ಹಿಡಿದರು. ಸಂಜೆಯೊಳಗೆ ಅದು ಆಫೀಸಿನ ವಾಟ್ಸ್ಯಾಪ್ ಗುಂಪಿನಲ್ಲಿ ಮತಾಂತರದ ವಿಡಿಯೋ ಆಗಿಹೋಗಿತ್ತು.

ಮರುದಿನ ಎಚ್‌ಆರ್ ಮೇಡಂ ನನ್ನನ್ನು ಕರೆಸಿದರು. ಕೋಣೆಯಲ್ಲಿ ಮ್ಯಾನೇಜರ್ ಇದ್ದರು, ತಲೆ ತಗ್ಗಿಸಿಕೊಂಡು ಅಕ್ಕ ಕುಳಿತಿದ್ದರು. ವಿಡಿಯೋ ಹಾಕಿ, ಒಂದೊಂದು ಮಾತನ್ನೂ ಹಿಂದಿಯಲ್ಲಿ ಹೇಳಿ ಎಂದರು. ನಾನು ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದೆ. ಯೇಸು ಪ್ರಭುವೇ, ಈ ಮಗು ಚೆನ್ನಾಗಿ ಉಸಿರಾಡಲಿ. ಇದರ ತಾಯಿಗೆ ಕಣ್ತುಂಬ ನಿದ್ದೆ ಬರಲಿ. ನಮ್ಮ ಮ್ಯಾನೇಜರ್ ಮನಸ್ಸು ಕರಗಿ ಇವಳಿಗೆ ರಜೆ ಕೊಡಲಿ... ಅಷ್ಟೇ. ಕೊನೆಯ ಮಾತಿಗೆ ಮ್ಯಾನೇಜರ್ ಮುಖ ಕೆಂಪಾಯಿತು.

‘ಯೇಸು ಕಾ ನಾಮ್ ತೋ ಲಿಯಾ ನಾ?’ ಯೇಸುವಿನ ಹೆಸರು ಹೇಳಿದ್ದು ನಿಜ ತಾನೇ ಎಂದು ಮೇಡಂ ಕೇಳಿದರು.

‘ಔರ್ ಕಿಸ್ಕಾ ಲೇತೀಂ?’ ಮತ್ತಿನ್ಯಾರ ಹೆಸರು ಹೇಳಬೇಕಿತ್ತು ಎಂದೆ ನಾನು. ಪ್ರಾರ್ಥನೆ ಮಾಡಿ ಎಂದು ಕೇಳಿದ್ದೇ ಆ ಹುಡುಗಿ, ಅವಳನ್ನೇ ಕರೆಸಿ ಕೇಳಿ ಎಂದೆ. ಅವಳು ರಜೆಯ ಮೇಲಿದ್ದಾಳೆ ಎಂಬ ಉತ್ತರ ಬಂತು. ಅಂತೂ ರಜೆ ಸಿಕ್ಕಿತ್ತು.

ಆಫೀಸಿನಲ್ಲಿ ಪ್ರಾರ್ಥನೆ ಮಾಡಿದ್ದು ತಪ್ಪು, ಇನ್ನು ಮಾಡುವುದಿಲ್ಲ ಎಂದು ಬರೆದುಕೊಟ್ಟರೆ ಕೆಲಸ ಉಳಿಯುತ್ತದೆ ಎಂದರು. ಅಕ್ಕ ಬರೆಯುವುದಿಲ್ಲ ಎಂದೇ ಅಂದುಕೊಂಡಿದ್ದೆ. ಅಷ್ಟು ನಂಬಿಕೆಯವರು ಹೀಗೆಲ್ಲ ಬಗ್ಗುವುದಿಲ್ಲ ಎಂದು ಎಲ್ಲಿಂದಲೋ ನನ್ನ ತಲೆಗೆ ಹತ್ತಿತ್ತು. ಅವರು ಬರೆದರು. ಹೊರಗೆ ಬಂದ ಮೇಲೆ, ‘ನಾಳೆ ಅವರಿಗೆ ಡಯಾಲಿಸಿಸ್ ಇದೆಯಲ್ಲಮ್ಮ’ ಎಂದರು. ಊಟಕ್ಕೆ ಮೊದಲು ಒಂದು ಗಳಿಗೆ ಕಣ್ಣು ಮುಚ್ಚಿ ಕೂರುವುದು ಅವರ ರೂಢಿ. ಅಂದಿನಿಂದ ಅದನ್ನೂ ಬಿಟ್ಟರು. ಡಬ್ಬಿ ತೆರೆದವರೇ ತಲೆ ಬಗ್ಗಿಸಿ ತಿನ್ನುತ್ತಿದ್ದರು. ನನಗೆ ಎದುರು ಕೂತು ಉಣ್ಣಲು ಸಂಕಟವಾಗುತ್ತಿತ್ತು.

ಇಷ್ಟು ಮಾಡಿಯೂ ಕೆಲಸ ಉಳಿಯಲಿಲ್ಲ. ಮಾರ್ಚಿನಲ್ಲಿ, ತಂಡ ಚಿಕ್ಕದು ಮಾಡುತ್ತಿದ್ದೇವೆ ಎಂದು ಒಬ್ಬರನ್ನು ತೆಗೆದರು. ಆ ಒಬ್ಬರು ಅಕ್ಕ. ವಿಮೆ ನಿಂತಿತು. ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಗಂಡನ ಸರದಿ ಒಮ್ಮೆ ಬಂದರೆ ಇನ್ನೊಮ್ಮೆ ಇಲ್ಲ. ಆ ಬೇಸಿಗೆ ಮುಗಿಯುವ ಮುನ್ನವೇ ಗಂಡ ತೀರಿಹೋದರು.

ವೈಶಾಲಿ ಬಡಾವಣೆಯಲ್ಲಿದ್ದ ಅವರ ಮನೆಗೆ ನಾನು ಹೋದಾಗ ಅಕ್ಕ ಸಾಮಾನು ಕಟ್ಟುತ್ತಿದ್ದರು. ಊರಿಗೆ, ತಂಗಿಯ ಮನೆಗೆ ಹೊರಟಿದ್ದರು. ಗೋಡೆಯ ಮೇಲಿನ ಶಿಲುಬೆಯೊಂದನ್ನು ಇನ್ನೂ ತೆಗೆದಿರಲಿಲ್ಲ. ತಡೆಯಲಾಗದೆ, ‘ಈಗಲೂ ಪ್ರಾರ್ಥನೆ ಮಾಡ್ತೀರಾ ಅಕ್ಕ?’ ಎಂದು ಕೇಳಿಬಿಟ್ಟೆ.

‘ದಿನಾ ಕೂತ್ಕೋತೀನಮ್ಮ. ಕೇಳೋಕೆ ಏನೂ ಉಳಿದಿಲ್ಲ. ಆದ್ರೂ ಕೂತ್ಕೋತೀನಿ.’

ಇಬ್ಬರೂ ಸೇರಿ ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿದೆವು... ಹೋದ ವರ್ಷ ಅವರೂ ತೀರಿಕೊಂಡರೆಂದು ತಂಗಿ ಮೆಸೇಜ್ ಮಾಡಿದ್ದರು.

ನಾಳೆ ನನ್ನ ಅಮ್ಮನ ಆಪರೇಷನ್. ಡಾಕ್ಟರು ಏನನ್ನೂ ಖಚಿತವಾಗಿ ಹೇಳುತ್ತಿಲ್ಲ. ದೇವರ ಮೇಲೆ ಹೇಳಿಕೊಳ್ಳುವಂಥ ನಂಬಿಕೆ ನನಗಿಲ್ಲ. ಆದರೂ ಅಕ್ಕ ಇದ್ದಿದ್ದರೆ ನಾಚಿಕೆ ಬಿಟ್ಟು ಕೇಳುತ್ತಿದ್ದೆ. ಈಗ ಯಾರನ್ನು ಕೇಳಲಿ... ವಿಷಯ ತಿಳಿದು ಮಧ್ಯಾಹ್ನ ಆ ಘಾಜಿಯಾಬಾದಿನ ಹುಡುಗಿ ನನ್ನ ಸೀಟಿನ ಬಳಿ ಬಂದಳು. ಅವಳ ಮಗು ಈಗ ಶಾಲೆಗೆ ಹೋಗುತ್ತದೆ. ನನ್ನ ಹೆಗಲ ಮೇಲಿಡಲು ಕೈ ಎತ್ತಿದವಳು, ಅತ್ತಿತ್ತ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡು, ತನ್ನ ಜಾಗಕ್ಕೆ ಹೋಗಿ ಕುಳಿತಳು.