ಹಲ್ಲಿನಿಂದ ಕೇಳುತ್ತಿದ್ದ ಮಾಲಿಂಗಣ್ಣ

ಮಾಲಿಂಗಣ್ಣ ಇಂಜಿನ್ನನ್ನು ಹಲ್ಲಿನಿಂದ ಕೇಳುತ್ತಿದ್ದರು. ಮರದ ಹಿಡಿಯ, ಮೊಳದುದ್ದದ ಒಂದು ಸ್ಕ್ರೂಡ್ರೈವರ್ ಅವರ ಬಳಿ ಇತ್ತು. ಗಾಡಿ ಸ್ಟಾರ್ಟ್ ಮಾಡಿಸಿ, ಬಾನೆಟ್ ಎತ್ತಿ, ಅದರ ತುದಿಯನ್ನು ಇಂಜಿನ್ನಿನ ಮೇಲೆ ಊರಿ, ಹಿಡಿಯನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿಕೊಂಡು ಕಣ್ಣು ಮುಚ್ಚುತ್ತಿದ್ದರು. ಬೇರೆ ಮೆಕ್ಯಾನಿಕ್ಕುಗಳು ಅಂಥದೇ ಹಿಡಿಯನ್ನು ಕಿವಿಗೆ ಒತ್ತಿಕೊಳ್ಳುವುದನ್ನು ನೋಡಿದ್ದೇನೆ. ಕಚ್ಚುವವರು ಇವರೊಬ್ಬರೇ. ಹೊಸಬರಿಗೆ ನಗು ತಡೆಯುವುದೇ ಕಷ್ಟವಾಗುತ್ತಿತ್ತು. ಆದರೆ ಕಣ್ಣು ಬಿಟ್ಟು ಅವರು ಹೇಳಿದ್ದು ಸುಳ್ಳಾಯಿತು ಅಂದವರನ್ನು ನಾನು ಕಾಣೆ.

ಕಿಬ್ಬನಹಳ್ಳಿಯಲ್ಲಿ ಹೆದ್ದಾರಿಯ ಪಕ್ಕ, ಎಳನೀರಿನ ಅಂಗಡಿಯ ಹಿಂದೆ ಅವರ ತಗಡಿನ ಶೆಡ್ಡು. ಸುತ್ತ ತೆಂಗು ಇದ್ದರೂ ಒಂದು ಗಾಡಿಯನ್ನೂ ಮರದ ಕೆಳಗೆ ನಿಲ್ಲಿಸಲು ಬಿಡುತ್ತಿರಲಿಲ್ಲ. "ಕಾಯಿಗೆ ಮೂರು ಕಣ್ಣು ಅಂತಾರಲ್ಲ, ಬೀಳೋವಾಗ ಮೂರೂ ಮುಚ್ಕಂತದೆ ಕಣ್ರೀ. ಈಚೆಗೆ ತಗೀರಿ" ಎಂದು ಬಿಸಿಲಿಗೆ ತಳ್ಳಿಸುತ್ತಿದ್ದರು. ಶೆಡ್ಡಿನ ಬಾಗಿಲ ಮೇಲೆ ಅವರೇ ಬಣ್ಣದಲ್ಲಿ ಬರೆದ ಬೋರ್ಡು: "ಒಬ್ಬೊಬ್ಬರೇ ಮಾತಾಡಿ. ಎದುರಿಗೆ ನಿಂತು ಮಾತಾಡಿ." ಅದನ್ನು ಓದಿದವರು "ಏನ್ ಜಂಬ ಕಣ್ಲಾ ಇವಂದು, ದೊಡ್ಡ ಜಡ್ಜು" ಎಂದು ಗೊಣಗಿಕೊಂಡೇ ಎದುರಿಗೆ ಹೋಗಿ ನಿಲ್ಲುತ್ತಿದ್ದರು. ಜಂಬ ಇತ್ತು, ಇಲ್ಲವೆನ್ನುವುದಿಲ್ಲ. ಕೆಲಸ ಬಲ್ಲವರ ಜಂಬ ನನಗೆ ಯಾವತ್ತೂ ಕಿರಿಕಿರಿ ಅನ್ನಿಸಿಲ್ಲ.

ನಾನು ಪಶುವೈದ್ಯೆ. ಮನೆ ಬಿಳಿಗೆರೆಯಲ್ಲಿ, ಕೆಲಸ ಹುಳಿಯಾರಿನ ಆಚೆಯ ಹಳ್ಳಿಗಳಲ್ಲಿ. ಕುರಿ ಹಟ್ಟಿಗಳಿಗೆ, ಕರು ಅಡ್ಡ ಸಿಕ್ಕಿಕೊಂಡ ಹಸುಗಳ ಕೊಟ್ಟಿಗೆಗಳಿಗೆ ಬಸ್ಸು ಕಾದುಕೊಂಡು ಹೋಗಲು ಆಗುವುದಿಲ್ಲ. ಅದಕ್ಕೇ ಒಂದು ಕೆಂಪು ಡೀಸೆಲ್ ಕಾರು ಕೊಂಡೆ. ಚಿಕ್ಕದು, ಹಿಂದೆ ಡಿಕ್ಕಿ ಚಾಚಿಕೊಂಡಿಲ್ಲದ್ದು, ಕಾಲಿಟ್ಟರೆ ಜಿಗಿಯುವಂಥದ್ದು. ಕೆಲಸಕ್ಕಾಗಿ ಕೊಂಡೆ ಎಂದು ಮನೆಯಲ್ಲಿ ಹೇಳಿದ್ದು ಅರ್ಧ ಸತ್ಯ. ಚಿಕ್ಕನಾಯಕನಹಳ್ಳಿ ದಾಟಿ ರಸ್ತೆ ಖಾಲಿಯಾದ ಮೇಲೆ ಮೂರನೇ ಗೇರಿನಲ್ಲಿ ಅದು ಬೆನ್ನಿಗೆ ಕೈಕೊಟ್ಟು ನೂಕುವ ಖುಷಿ ಇನ್ನರ್ಧ.

ಮಾಲಿಂಗಣ್ಣನ ಪರಿಚಯವಾದದ್ದು ನನ್ನದೇ ಒಂದು ದಡ್ಡತನದಿಂದ. ಗಾಡಿಯ ಮುಂಭಾಗದಲ್ಲಿ ಹದಿನೈದು ದಿನದಿಂದ ಲೊಟಕ್ ಲೊಟಕ್ ಎಂಬ ಸದ್ದು. ನಾನು ಅದನ್ನು ಕೇಳಿಯೂ ನೆಮ್ಮದಿಯಾಗಿದ್ದೆ. ನಮ್ಮ ಕಡೆ ಹುಟ್ಟಿದವರಿಗೆ ಆ ಸದ್ದಿನ ಮೇಲೆ ಒಂದು ಪ್ರೀತಿ ಇರುತ್ತದೆ. ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಲು ಬಿಟ್ಟ ಕಾಯಿಯನ್ನು ಇಳಿಸಿ ಅಲ್ಲಾಡಿಸಿದಾಗ ಒಳಗೆ ಲೊಟಕ್ ಅಂದರೆ, ಕೊಬ್ಬರಿ ಚಿಪ್ಪು ಬಿಟ್ಟಿದೆ, ಗಿಟುಕಾಗಿದೆ ಎಂದರ್ಥ. ಚಿಕ್ಕವಳಿದ್ದಾಗ ತಾತ ಇಳಿಸಿದ ಕಾಯಿಗಳನ್ನು ಕಿವಿಯ ಬಳಿ ಅಲ್ಲಾಡಿಸಿ ಬೇರೆ ಮಾಡುವುದು ನನ್ನ ಕೆಲಸವಾಗಿತ್ತು. ಹಾಗಾಗಿ ಲೊಟಕ್ ಕೇಳಿದರೆ ನನ್ನ ಜೀವಕ್ಕೆ ಗಾಬರಿಯೇ ಆಗುವುದಿಲ್ಲ.

ಎಣ್ಣೆ ಬದಲಾಯಿಸಲು ಹೋದಾಗ ಮಾಲಿಂಗಣ್ಣ ಸ್ಕ್ರೂಡ್ರೈವರ್ ಕಚ್ಚಿ ಕೇಳಿದರು. ಅವರು ಕಣ್ಣು ಬಿಟ್ಟಾಗ ನಾನು, "ಸದ್ದು ಇದೆ, ಆದರೆ ಒಳ್ಳೆ ಸದ್ದೇ" ಎಂದೆ.

ಅವರು ಹಿಡಿಯನ್ನು ಬಾಯಿಂದ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇದೇನು ಅಟ್ಟದ್ ಮ್ಯಾಲಿನ್ ಕಾಯಾ ಡಾಕ್ಟ್ರಮ್ಮ, ಲೊಟಕ್ ಅಂತು ಅಂತ ಖುಷಿ ಪಡಾಕೆ? ಇಂಜಿನ್ ಕೂತ್ಕಳೋ ಮೌಂಟಿಂಗೇ ಕಿತ್ತೋಗೈತೆ. ಇನ್ನೊಂದ್ ವಾರ ಬುಟ್ಟಿದ್ರೆ ನೀವೊಂದ್ ಕಡೆ, ಇಂಜಿನ್ನೊಂದ್ ಕಡೆ!"

ಅಲ್ಲಿಂದ ಮುಂದೆ ಸಿಕ್ಕಾಗಲೆಲ್ಲ "ಏನಮ್ಮ, ಗಿಟುಕಾಯ್ತಾ?" ಎಂದೇ ಮಾತು ಶುರು. ನಾನು ದನದ ಡಾಕ್ಟರು ಎಂದು ನನ್ನ ಕಾರಿಗೆ ಕೆಂಪಿ ಎಂದು ಹೆಸರಿಟ್ಟರು. ಕೆಂಪಿಯ ಏರ್ ಫಿಲ್ಟರ್ ಕೊಡವುವಾಗ ತೆಂಗಿನ ನಾರಿನ ದೂಳು ಬಿದ್ದರೆ, "ನಾರಿನ ಮಿಷಿನ್ ಮುಂದೆ ನಿಲ್ಲುಸ್ಬ್ಯಾಡಿ ಅಂದ್ನೋ ಇಲ್ವೋ? ಉಬ್ಬಸ ಬಂದೈತೆ ನೋಡಿ ಇದ್ಕೆ" ಎಂದು ಬೈಯುತ್ತಿದ್ದರು. ಬೈಸಿಕೊಳ್ಳುವುದು ನನಗೆ ಇಷ್ಟವಾಗುತ್ತಿತ್ತು. ಇಡೀ ದಿನ ಬೇರೆಯವರ ಹಸು ಕುರಿಗಳ ಬಗ್ಗೆ ಗಟ್ಟಿಯಾಗಿ ಮಾತಾಡಿ ಮಾತಾಡಿ ಸಾಕಾದವಳಿಗೆ, ನನ್ನದೊಂದರ ಬಗ್ಗೆ ಯಾರಾದರೂ ಗಟ್ಟಿಯಾಗಿ ಮಾತಾಡಿದರೆ ಹಾಯೆನಿಸುತ್ತದೆ.

ಹೀಗೆ ಎಂಟು ವರ್ಷ. ಆಮೇಲೆ ತಿಪಟೂರಿನ ಕೊಬ್ಬರಿ ವ್ಯಾಪಾರಿ ಲೋಕೇಶ ಒಂದು ಆಸೆ ತೋರಿಸಿದ. ಅವನ ಹತ್ತಿರ ಒಂದು ಕರಿ ಕಾರಿತ್ತು. ಅಳತೆಯಲ್ಲಿ ಕೆಂಪಿಯಷ್ಟೇ, ಅದೂ ಡೀಸೆಲ್ಲೇ, ಆದರೆ ಇಂಜಿನ್ ದೊಡ್ಡದು, ಓಟದಲ್ಲಿ ಕೆಂಪಿಗೆ ಅಕ್ಕ. ಅದರ ಸೀಟು ತಗ್ಗು. ಲೋಕೇಶನ ತಂದೆಯ ಮಂಡಿ ಅದರೊಳಗೆ ಬಗ್ಗಿ ಕೂರಲು ಒಪ್ಪುತ್ತಿರಲಿಲ್ಲ. ಎತ್ತರದ ಸೀಟಿನ ಕೆಂಪಿಯಲ್ಲಿ ಒಮ್ಮೆ ಕೂತು ಇಳಿದ ಆ ಯಜಮಾನರು ಇದೇ ಬೇಕು ಎಂದು ಹಟ ಹಿಡಿದಿದ್ದರು. "ಬದ್ಲಾಯ್ಸ್ಕಳಣ ಮೇಡಮ್, ನಂದು ನಿಮ್ಗೆ, ನಿಮ್ದು ನಂಗೆ" ಎಂದ ಲೋಕೇಶ.

ಓಡಿಸಿ ನೋಡಿದೆ. ನನ್ನ ಮನಸ್ಸು ಅಲ್ಲೇ ಕೈಜಾರಿತು. ಆದರೆ ಇದು ಬೇಡವಾದರೆ ವಾಪಸ್ಸು ಪಡೆಯುವ ವ್ಯವಹಾರವಲ್ಲ. ಇಂಥ ಚಿಕ್ಕ ಡೀಸೆಲ್ ಕಾರುಗಳನ್ನು ಹೊಸದಾಗಿ ಮಾಡುವುದು ಬಹುಮಟ್ಟಿಗೆ ನಿಂತೇಹೋಗಿದೆ. ಕೆಂಪಿಯನ್ನು ಕೊಟ್ಟು, ಕರಿಯದು ಕೈಕೊಟ್ಟರೆ ಎರಡೂ ಇಲ್ಲ. ಹುಳಿಯಾರಿನ ಆಚೆ ಯಾವುದೋ ದಿಣ್ಣೆಯ ಮೇಲೆ ಗಾಡಿ ನಿಂತರೆ, ಅತ್ತ ಕೊಟ್ಟಿಗೆಯಲ್ಲಿ ಒಂದು ಹಸು ಸಾಯುತ್ತದೆ. ಅದನ್ನು ನಂಬಿದ ಮನೆಯವರು ನನ್ನ ದಾರಿ ನೋಡುತ್ತಾ ನಿಂತಿರುತ್ತಾರೆ. ಮಾಲಿಂಗಣ್ಣ ಕಚ್ಚಿ ಕೇಳಿ ಹೂಂ ಅನ್ನಲಿ, ಆಮೇಲೆ ಕೀಲಿಕೈ ಬದಲಾಯಿಸೋಣ ಎಂದು ಲೋಕೇಶನಿಗೆ ಹೇಳಿ ಕಾರನ್ನು ಶೆಡ್ಡಿಗೆ ತಂದೆ.

ಅವರಿಗೆ ಆಗಷ್ಟೇ ಹೊಸ ಹಲ್ಲಿನ ಸೆಟ್ಟು ಬಂದಿತ್ತು. ಹಳೆಯವು ಅಲ್ಲಾಡುತ್ತಿದ್ದವೆಂದು ಮಗಳು ಎರಡು ತಿಂಗಳ ಹಿಂದೆಯೇ ತುರುವೇಕೆರೆಗೆ ಕರೆಸಿಕೊಂಡು ತೆಗೆಸಿದ್ದಳು. ನಕ್ಕರೆ ಮುಖದಲ್ಲಿ ಹತ್ತು ವರ್ಷ ಕಡಿಮೆಯಾದಂತೆ ಕಾಣುತ್ತಿತ್ತು, ಆದರೆ ನಗುತ್ತಿರಲಿಲ್ಲ. ಸ್ಕ್ರೂಡ್ರೈವರ್ ಕಚ್ಚಿದರು. ತೆಗೆದರು. ಒರೆಸಿಕೊಂಡು ಮತ್ತೆ ಕಚ್ಚಿದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ನಿಂತರು. ಕೊನೆಗೆ, "ನಾಳೀಕೆ ತಗಂಡ್ ಬನ್ನಿ" ಎಂದರು. ಮರುದಿನವೂ ಅದೇ. ಮೂರನೆಯ ದಿನ ನನಗೆ ತಲೆ ಕೆಟ್ಟಿತು. ಇಂಜಿನ್ ಆರಿಸಿ ಆಗಿತ್ತು. ಅವರು ನನಗೆ ಬೆನ್ನು ಮಾಡಿ ಕೈ ಒರೆಸಿಕೊಳ್ಳುತ್ತಿದ್ದರು.

"ಮಾಲಿಂಗಣ್ಣ, ಬೇಡ ಅನ್ನೋದಾದ್ರೆ ಬೇಡ ಅಂದ್ಬಿಡಿ. ಇದೇನು ಮೂರು ದಿನ ಓಡಾಡಿಸೋದು?" ಎಂದೆ.

ಮಾತಿಲ್ಲ. ಬೇಕೆಂದೇ ಸುಮ್ಮನಿದ್ದಾರೆ ಎಂದುಕೊಂಡು ಇನ್ನೂ ಗಟ್ಟಿಯಾಗಿ ಕೂಗಿದೆ. ಅವರು ಬಟ್ಟೆ ಕೊಡವಿ, ಮೊಳೆಗೆ ನೇತುಹಾಕಿ, ತಿರುಗಿ, ನನ್ನ ಮುಖ ನೋಡಿ, "ಏನಾರ ಅಂದ್ರಾ?" ಎಂದರು.

ನನ್ನ ಕಣ್ಣು ತಾನಾಗಿ ಬಾಗಿಲ ಮೇಲಿನ ಬೋರ್ಡಿಗೆ ಹೋಯಿತು. ಎಂಟು ವರ್ಷ ಅದರ ಕೆಳಗೆ ನಡೆದಾಡಿದ್ದೆ. ಮಾತಾಡದ ಪ್ರಾಣಿಗಳ ಕಾಯಿಲೆಯನ್ನು ದಿನಾ ಕಂಡುಹಿಡಿಯುವವಳು ನಾನು. ಎದುರಿಗಿದ್ದವರಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ನಾಚಿಕೆಯಾಯಿತು.

ನನಗೆ ತಿಳಿದುಹೋಯಿತೆಂದು ಅವರಿಗೂ ಗೊತ್ತಾಯಿತು. ಹಳೆಯ ಟೈರೊಂದರ ಮೇಲೆ ಕೂತರು. "ಚಿಕ್ಕೋನಿದ್ದಾಗ್ಲಿಂದ ಎರಡು ಕಿವೀನೂ ಸೋರ್ತಿದ್ವು ಕಣಮ್ಮ. ದೊಡ್ಡೋನಾಗೋ ಹೊತ್ಗೆ ಮುಚ್ಚೇ ಹೋದ್ವು. ಅವಾಗ ಕೊಬ್ರಿ ಸಾಹುಕಾರ್ರ ಜತೆ ಅಟ್ಟ ಹತ್ತಿ ಕಾಯಿ ಆರ್ಸೋ ಕೆಲ್ಸ ನಂದು. ಕೇಳ್ಸಲ್ಲ ಅಂದ್ರೆ ಓಡುಸ್ತಾರೆ. ಒಂದಿನ ಕಾಯಿನ ದವಡೆಗೆ ಒತ್ಕಂಡು ಅಲ್ಲಾಡ್ಸಿದೆ ನೋಡಿ, ಲೊಟಕ್ ಅಂತ ತಲೆ ಒಳಗೇ ಕೇಳುಸ್ತು! ಅವತ್ತು ಅಟ್ಟದ್ ಮ್ಯಾಲೆ ಕುಂತು ಅತ್ಬುಟ್ಟೆ. ಅದೇ ಇದ್ಯೆ ಇಂಜಿನ್ನಿಗೂ ತಂದೆ. ಈಗ ಮಗಳು ಹಲ್ಲು ಕೀಳ್ಸವಳೆ. ಇವು ಪಿಂಗಾಣಿ ಬಟ್ಲು ಇದ್ದಂಗೆ, ಏನೂ ಹೇಳಾಕಿಲ್ಲ. ಇಂಜಿನ್ನ ದವಡೆಗೆ ಒತ್ಕಂಡು ಕೇಳುದ್ರೆ ಬರೀ ಗದ್ಲ."

ವೈದ್ಯೆಯಾಗಿ ನನಗೆ ಅದು ಅರ್ಥವಾಯಿತು. ಕಿವಿಯ ತಮಟೆ ಕೆಟ್ಟರೂ ಮೂಳೆಯ ಮೂಲಕ ಸದ್ದು ಒಳಗೆ ಹೋಗುತ್ತದೆ. ಗಟ್ಟಿಯಾಗಿ ಬೇರೂರಿದ ಹಲ್ಲು ಅದಕ್ಕೆ ದಾರಿ. ದಾರಿ ಹೋಗಿತ್ತು.

"ಮತ್ತೆ ಹೋದ ತಿಂಗಳು ಕೆಂಪಿ ನೋಡಿದ್ರಲ್ಲ?"

"ಕೆಂಪಿ ಬಾಯಿಪಾಠ. ಅಂಗೈ ಇಟ್ರೆ ಸಾಕು. ಈ ಕರೀದು ನಂಗೆ ಗೊತ್ತಿಲ್ಲ. ಗೊತ್ತಿಲ್ದೆ ಹೂಂ ಅನ್ನಾಕೆ ಬಾಯಿ ಬರ್ಲಿಲ್ಲ. ಅದ್ಕೇ ನಾಳೆ ನಾಳೆ ಅಂದೆ."

ನನಗೆ ಆ ಕ್ಷಣವೇ ತೀರ್ಮಾನವಾಗಿಹೋಯಿತು. "ಹಾಗಾದ್ರೆ ಬದಲಾಯಿಸೋದು ಬೇಡ ಬಿಡಿ. ನಂಗೆ ಕೆಂಪೀನೇ ಸಾಕು" ಎಂದೆ.

ಮಾಲಿಂಗಣ್ಣ ಎದ್ದು ನಿಂತರು. ಅವರಿಗೆ ನಿಜವಾಗಿ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ನನ್ ಸಲುವಾಗಿ ಹಳೇ ಗಾಡಿ ಇಟ್ಕಬ್ಯಾಡಿ! ಕೆಂಪಿ ಬಿಡಿಭಾಗ ಹುಡುಕ್ಕಂಡು ನಾನು ಎಷ್ಟು ಊರು ಸುತ್ತಿದೀನಿ ನಂಗ್ ಗೊತ್ತು. ಎರಡು ವರ್ಷ, ಆಮ್ಯಾಕೆ ನಿಮ್ಮುನ್ನ ದಾರೀಲಿ ಕೂರುಸ್ತದೆ. ನಿಮ್ಗೆ ಕಿವಿ ಐತಲ್ಲ, ಹಸು ಹೊಟ್ಟೆ ಕೇಳ್ತೀರಲ್ಲ. ತಗಳ್ಳಿ, ಕೇಳಿ ಇದುನ್ನ!" ಎಂದು ಸ್ಕ್ರೂಡ್ರೈವರನ್ನು ನನ್ನ ಕೈಗೆ ತುರುಕಿದರು.

ಇಂಜಿನ್ ಸ್ಟಾರ್ಟ್ ಮಾಡಿದೆ. ನಾಲ್ಕು ಸಿಲಿಂಡರುಗಳ ಮೇಲೆ ಅವರು ಒಂದೊಂದಾಗಿ ಬೆರಳಿಟ್ಟು ತೋರಿಸಿದ ಕಡೆ ತುದಿ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡೆ. ಮೊದಲು ಬರೀ ಗದ್ದಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಒಂದು, ಎರಡು, ಮೂರು, ನಾಲ್ಕು, ಮತ್ತೆ ಮೊದಲಿಂದ. ಮೂರನೇ ಸುತ್ತಿನಲ್ಲಿ ಗದ್ದಲ ತೆಳ್ಳಗಾಗಿ ಒಳಗಿನ ಬಡಿತ ಬೇರೆಬೇರೆಯಾಗಿ ಕೇಳತೊಡಗಿತು. ಅವರ ಎದುರಿಗೆ ನಿಂತು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದೆ: "ನಾಲ್ಕರಲ್ಲಿ ಮೂರು ಚೆನ್ನಾಗಿ ಬಡಿತಾವೆ. ಮೂರನೇದು ಮಾತ್ರ ಮೆತ್ತಗೆ. ಇನ್ನೂ ಚಿಪ್ಪು ಬಿಡದ ಕಾಯಿ ಥರ."

"ಲೊಟಕ್ ಅಂತದಾ ಎಲ್ಲಾರ?"

"ಎಲ್ಲೂ ಇಲ್ಲ."

"ಖಂಡಿತ?"

"ಖಂಡಿತ."

"ಅಂಗಾರೆ ಇಂಜಿನ್ ಗಟ್ಟಿ. ಡೀಸೆಲ್ ಚಿಮ್ಮುಸೋ ಮೂರನೇ ಇಂಜೆಕ್ಟರ್ ಒಂದು ಸರಿ ಮಾಡ್ಸಿ ಕೊಡು ಅಂತ ಲೋಕೇಶಂಗೆ ಹೇಳಿ, ಬದ್ಲಾಯ್ಸ್ಕಳಿ" ಎಂದರು. ಆಮೇಲೆ ಆ ಹೊಸ ಹಲ್ಲು ಪೂರ್ತಿ ಕಾಣುವಂತೆ ನಕ್ಕರು. "ಕಾಳಿ ಅಂತ ಕರೀರಿ ಇದುನ್ನ."

ಲೋಕೇಶ ತಿಪಟೂರಿನಲ್ಲಿ ಬಿಚ್ಚಿಸಿ ನೋಡಿದ. ಕೆಟ್ಟಿದ್ದದ್ದು ಮೂರನೆಯದೇ. ಸರಿಮಾಡಿಸಿದ ಮೇಲೆ ಕೀಲಿಕೈ ಬದಲಾಯಿಸಿಕೊಂಡೆವು. ಕೆಂಪಿಯ ಮುಂದಿನ ಸೀಟಿನಲ್ಲಿ ಅವನ ತಂದೆ ರಾಜರಂತೆ ಕೂತು ಹೋದರು. ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದೆ, ಆದರೆ ತಪ್ಪು ಮಾಡಿದೆ ಎಂದು ಒಂದು ಗಳಿಗೆಯೂ ಅನ್ನಿಸಲಿಲ್ಲ.

ಅದಾದ ಎರಡು ತಿಂಗಳಿಗೆ ಮಾಲಿಂಗಣ್ಣ ಶೆಡ್ಡು ಮುಚ್ಚಿ ತುರುವೇಕೆರೆಯ ಮಗಳ ಮನೆಗೆ ಹೋದರು. ಹೋಗುವಾಗ ಸ್ಕ್ರೂಡ್ರೈವರನ್ನು ಎಳನೀರಿನ ಅಂಗಡಿಯಲ್ಲಿ ನನಗಾಗಿ ಬಿಟ್ಟಿದ್ದರು. ಒಂದು ಭಾನುವಾರ ಕಾಳಿಯಲ್ಲಿ ಅವರನ್ನು ನೋಡಲು ಹೋದೆ. ಅಳಿಯನ ತೋಟದ ಬೇಲಿಯವರೆಗೆ ಬಂದು ಎದುರುಗೊಂಡರು. ತೆಂಗಿನ ನೆರಳಿನಿಂದ ಗಾಡಿ ಈಚೆಗೆ ತೆಗೆಸಿದರು, ಇಂಜಿನ್ ಆರಿಸಬೇಡಿ ಎಂದು ಸನ್ನೆ ಮಾಡಿದರು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ನಾನು ಕಾದೆ. ಕಣ್ಣು ಬಿಟ್ಟು, "ನೀವೇನಂತೀರಿ?" ಎಂದರು. ನಾನು ಎದುರಿಗೆ ಹೋಗಿ ನಿಂತು ಹೇಳಿದೆ: "ನಾಲ್ಕೂ ಸರಿಯಾಗಿವೆ ಮಾಲಿಂಗಣ್ಣ."

"ಅಂಗಾರೆ ಸರಿ, ಇನ್ ನಾನ್ಯಾಕೆ" ಎಂದು ಕೈ ತೆಗೆದರು.

ಅದೇ ಕೊನೆ. ಮುಂದಿನ ಬೇಸಿಗೆಗೆ ಅವರು ತೀರಿಹೋದ ಸುದ್ದಿ ಬಂತು.

ಮೊನ್ನೆ ಹುಳಿಯಾರಿನ ದಾರಿಯಲ್ಲಿ ಕಾಳಿಯ ದನಿ ಯಾಕೋ ಬೇರೆ ಅನ್ನಿಸಿ ಪಕ್ಕಕ್ಕೆ ನಿಲ್ಲಿಸಿದೆ. ಮರ ಇಲ್ಲದ ಕಡೆಯೇ ನಿಲ್ಲಿಸಿದೆ. ಸ್ಕ್ರೂಡ್ರೈವರ್ ತೆಗೆದು ಕಿವಿಗೆ ಹಿಡಿಯಲು ಹೋದವಳು, ಅತ್ತಿತ್ತ ಯಾರೂ ಇಲ್ಲದ್ದು ನೋಡಿ, ಹಿಡಿಯನ್ನು ಕಚ್ಚಿ ಕಣ್ಣು ಮುಚ್ಚಿದೆ. ಅವರ ಹಲ್ಲಿನ ಗುರುತುಗಳಲ್ಲಿ ನನ್ನ ಹಲ್ಲು ಕೂರಲಿಲ್ಲ, ಅವರವು ಅಗಲ. ಆದರೆ ಸದ್ದು ತಲೆಯೊಳಗೇ ಬಂತು, ಅವರು ಹೇಳಿದ ಹಾಗೆಯೇ. ನಾಲ್ಕೂ ಸರಿಯಾಗಿದ್ದವು. ಎದುರಿಗೆ ನಿಂತು ಹೇಳೋಣವೆಂದರೆ ಅವರಿರಲಿಲ್ಲ.