ಕಿಟಕಿಗೆ ಬೆಟ್ಟ ವಾಪಸ್ ಬಂದ ದಿನ

ಅಕ್ಕನ ಪರವಾಗಿ ಸಾಕ್ಷಿ ಹೇಳುತ್ತೇನೆಂದು ಮಾತು ಕೊಟ್ಟು ನಾನು ಹೋಗಲಿಲ್ಲ. ಚಳ್ಳಕೆರೆಯಲ್ಲಿ ಬಸ್ಸು ಹತ್ತಿದ್ದು ನಿಜ, ಮೊಳಕಾಲ್ಮೂರಿಗೆ ಟಿಕೆಟ್ ತೆಗೆದುಕೊಂಡದ್ದೂ ನಿಜ. ಅರ್ಧ ದಾರಿಯಲ್ಲೇ ಇಳಿದೆ. ಫೋನ್ ಆಫ್ ಮಾಡಿದೆ. ರಸ್ತೆ ಬದಿಯ ಹೋಟೆಲಿನಲ್ಲಿ ಎರಡು ಟೀ ಕುಡಿದು, ಎದುರಿನಿಂದ ಬಂದ ಬಸ್ಸು ಹತ್ತಿ ಮನೆಗೆ ಮರಳಿದೆ. ಆ ಹೊತ್ತಿಗೆ ಅಕ್ಕ ಪಟ್ಟಣ ಪಂಚಾಯಿತಿಯ ಸಭೆಯಲ್ಲಿ ಬಾಗಿಲ ಕಡೆ ನೋಡುತ್ತಾ ನಿಂತಿದ್ದಳಂತೆ.

ಆದರೂ ಅವಳು ಗೆದ್ದಳು. ಆ ಗೆಲುವನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ನನ್ನ ತಪ್ಪನ್ನು ಬಿಟ್ಟು ಹೇಳಿದರೆ ಅದು ಅರ್ಧ ಸುಳ್ಳಾಗುತ್ತದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನಾನು ಓದಿದ್ದು ಏಳನೇ ಕ್ಲಾಸು. ವೆಲ್ಡಿಂಗ್ ಕಲಿತು ಚಳ್ಳಕೆರೆಯಲ್ಲಿ ಜಾಹೀರಾತು ಬೋರ್ಡುಗಳಿಗೆ ಕಬ್ಬಿಣದ ಫ್ರೇಮು ಮಾಡಿ ನಿಲ್ಲಿಸುವ ಕೆಲಸ ಹಿಡಿದೆ. ಅಕ್ಕ ಮದುವೆಯಾಗಿ ಮೊಳಕಾಲ್ಮೂರಿನ ನೇಕಾರರ ಮನೆ ಸೇರಿದಳು. ಅವಳಿಗೆ ರೇಷ್ಮೆ ಸೀರೆ ನೇಯುವುದನ್ನು ಕಲಿಸಿದವರು ಅವಳ ಅತ್ತೆ. ಆ ಅಜ್ಜಿಗೆ ಬಾಯಿ ತುಂಬ ತೆಲುಗು, ನಡುವೆ ಅಷ್ಟಿಷ್ಟು ಕನ್ನಡ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮಗ್ಗ ಇರುವುದು ಮುಂದಿನ ಕೋಣೆಯಲ್ಲಿ. ನೇಯುವವರು ನೆಲದೊಳಗೆ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರಬೇಕು. ಎದುರಿಗೆ ಚಿಕ್ಕದೊಂದು ಕಿಟಕಿ, ಆಚೆಗೆ ರಸ್ತೆ, ರಸ್ತೆಯಾಚೆ ಬಯಲು, ಬಯಲಿನ ಕೊನೆಗೆ ಬಂಡೆಗಳ ಬೆಟ್ಟ. ಒಂದು ಗೇಣು ನೇಯ್ದ ಮೇಲೆ ಕೈ ನಿಲ್ಲಿಸಿ ಬೆಟ್ಟ ನೋಡಬೇಕು. ಬಂಡೆ ಮೇಲಿನ ಗಿಡ ಬೇರೆ, ಬಂಡೆ ಬೇರೆ ಎಂದು ಕಣ್ಣಿಗೆ ಸ್ಪಷ್ಟವಾಗುವ ತನಕ ಮತ್ತೆ ಲಾಳಿ ಮುಟ್ಟುವಂತಿಲ್ಲ. ಅಕ್ಕ ಮರೆತರೆ ಒಳಗಿಂದ ಅತ್ತೆಯ ಕೂಗು ಬರುತ್ತಿತ್ತು: "ಕೊಂಡ ಚೂಡಮ್ಮಾ! ಬೆಟ್ಟ ನೋಡೇ! ಕಣ್ಣು ಹೋದ್ರೆ ನಿನ್ನ ಗಂಡ ತಂದುಕೊಡ್ತಾನೇನು?" ಎಪ್ಪತ್ತು ದಾಟಿದ್ದರೂ ಆ ಅಜ್ಜಿ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದರು.

ಆ ಬಯಲಿನಲ್ಲಿ, ಸರಿಯಾಗಿ ಆ ಕಿಟಕಿಯೆದುರಿಗೆ ದೊಡ್ಡ ಬೋರ್ಡು ನಿಲ್ಲಿಸಿದವನು ನಾನೇ. ನನಗೆ ಕೆಲಸ ಕೊಡುತ್ತಿದ್ದ ಕಂಟ್ರಾಕ್ಟರು ಜಾಗ ತೋರಿಸಿದ್ದ. ಕಂಬ ನೆಡುವ ಮುಂಚೆ ಅಕ್ಕನ ಮನೆ ಹೊಸ್ತಿಲ ಮೇಲೆ ನಿಂತು ನೋಡಿದೆ.

"ಬೋರ್ಡು ನಿಂತ್ರೂ ಬೆಟ್ಟ ಮೇಲ್ಗಡೆ ಕಾಣ್ತೈತಲ್ಲಕ್ಕಾ. ಏನೂ ಆಗಲ್ಲ ಬಿಡು" ಅಂದೆ.

"ನಿಂತ್ಕಂಡು ನೋಡ್ತೀಯಲ್ಲೋ. ನಾನೇನು ನಿಂತ್ಕಂಡು ನೇಯ್ತೀನಾ? ಒಳಗೆ ಬಂದು ಕೂತು ನೋಡು" ಅಂದಳು.

ಕೈ ಎಣ್ಣೆಯಾಗಿದೆ, ರೇಷ್ಮೆಗೆ ತಗಲುತ್ತದೆ ಎಂದು ನೆಪ ಹೇಳಿ ಹೊರಟುಬಿಟ್ಟೆ. ಸಂಜೆ ಹೊತ್ತಿಗೆ ಬೋರ್ಡಿನ ಮೇಲೆ ಯಾವುದೋ ಊರಿನ ಸೀರೆ ಅಂಗಡಿಯ ಹೆಣ್ಣೊಬ್ಬಳು ಹಲ್ಲು ಬಿಟ್ಟು ನಗುತ್ತಿದ್ದಳು. ಅಕ್ಕನ ಕಿಟಕಿಯ ತುಂಬ ಅವಳೇ.

ಇನ್ನೂ ಒಂದು ವಿಷಯ ಕಂಟ್ರಾಕ್ಟರನ್ನು ಬಿಟ್ಟರೆ ನನಗೆ ಮಾತ್ರ ಗೊತ್ತಿತ್ತು. ಬೋರ್ಡಿನ ಮೂಲೆಯಲ್ಲಿ ಅನುಮತಿ ಸಂಖ್ಯೆ ಬರೆಯಬೇಕೆಂಬ ನಿಯಮವಿದೆ. ಕಂಟ್ರಾಕ್ಟರು ಕೊಟ್ಟ ಸಂಖ್ಯೆಯನ್ನು ಬರೆದವನು ನಾನು. ಅದೇ ಸಂಖ್ಯೆಯನ್ನು ಹಿಂದೆ ಬೇರೆ ಊರಿನ ಬೋರ್ಡಿನ ಮೇಲೂ ಬರೆದಿದ್ದೆ. ಅಂದರೆ ಈ ಬೋರ್ಡಿಗೆ ಅನುಮತಿಯೇ ಇರಲಿಲ್ಲ.

ತಿಂಗಳಾಗುವುದರೊಳಗೆ ಅಕ್ಕನಿಗೆ ತಲೆನೋವು ಶುರುವಾಯಿತು. ಬೆಳಗಿನ ಬಿಸಿಲು ಬೋರ್ಡಿನ ಹೊಳೆಯುವ ಹಾಳೆಗೆ ಬಡಿದು ಮಗ್ಗದ ಮೇಲೆ ಬೀಳುತ್ತಿತ್ತು. ಒಂದು ಸೀರೆಯ ಅಂಚಿನಲ್ಲಿ ಎರಡು ಬಣ್ಣ ಗುರುತು ಸಿಗದೆ ತಪ್ಪಾಗಿ, ನೇಯ್ದಷ್ಟನ್ನೂ ಬಿಚ್ಚಿದಳು. ಅವಳ ಕೈಯಲ್ಲಿ ಅಂಥ ತಪ್ಪಾದದ್ದು ಅದೇ ಮೊದಲು. ಬೀದಿಯ ನೇಯುವ ಹೆಂಗಸರನ್ನೆಲ್ಲ ಸೇರಿಸಿ ಪಂಚಾಯಿತಿಗೆ ಅರ್ಜಿ ಕೊಟ್ಟಳು. ಸಂಖ್ಯೆಯ ವಿಷಯವನ್ನು ನಾನೇ ಫೋನಿನಲ್ಲಿ ಬಾಯಿ ಬಿಟ್ಟಿದ್ದೆ.

"ಅದನ್ನೇ ಸಭೇಲಿ ಬಂದು ಹೇಳ್ತೀಯೇನೋ?"

"ಬರ್ತೀನಕ್ಕಾ."

ಆಮೇಲೆ ನಡೆದದ್ದನ್ನು ಆಗಲೇ ಹೇಳಿದ್ದೇನೆ. ಬಸ್ಸಿನಲ್ಲಿ ಕೂತಾಗ, ನಾಳೆಯಿಂದ ನನಗೆ ಕೆಲಸ ಯಾರು ಕೊಡುತ್ತಾರೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಸಭೆಯ ಸಂಗತಿಯನ್ನು ನನಗೆ ಹೇಳಿದವರು ಅಕ್ಕನ ಅತ್ತೆ. ಎಷ್ಟು ಸಲ ಹೇಳಿದರೂ ಅವರಿಗೆ ಬೇಸರವಿಲ್ಲ. ಸಾಕ್ಷಿ ಬರಲಿಲ್ಲವೆಂದು ಗೊತ್ತಾದಾಗ ಒಬ್ಬ ಸದಸ್ಯರು ನಕ್ಕು ಕೇಳಿದರಂತೆ: "ಅಲ್ಲಮ್ಮಾ, ಊರಿಗೆ ನೀರಿಲ್ಲ, ಚರಂಡಿ ಇಲ್ಲ ಅಂತ ಕೇಳೋದು ಬಿಟ್ಟು ಬೆಟ್ಟ ಕಾಣ್ತಿಲ್ಲ ಅಂತೀಯಲ್ಲ. ಬೆಟ್ಟ ಏನು ನಿಮ್ಮಪ್ಪಂದಾ?"

"ನಮ್ಮಪ್ಪಂದಲ್ಲ ಸ್ವಾಮಿ, ನಿಮ್ಮಪ್ಪಂದೂ ಅಲ್ಲ. ಅದಕ್ಕೇ ಯಾರೂ ಅಡ್ಡ ನಿಲ್ಲಬಾರ್ದು ಅಂತಿದೀನಿ. ನನ್ ಮಾತು ನಂಬಬ್ಯಾಡ್ರಿ, ಬಂದು ನನ್ ಮಗ್ಗದಾಗೆ ಕೂತು ನೋಡ್ರಿ."

ಎಲ್ಲರೂ ನಕ್ಕರಂತೆ. ಆದರೆ ಹೊಸದಾಗಿ ವರ್ಗವಾಗಿ ಬಂದಿದ್ದ ಮುಖ್ಯಾಧಿಕಾರಿ ನಗಲಿಲ್ಲ. "ನಡೀರಿ, ನೋಡೇ ಬಿಡೋಣ" ಎಂದು ಎದ್ದರು. ನಕ್ಕವರೂ ಹಿಂದೆ ಬರಬೇಕಾಯಿತು.

ಅಧಿಕಾರಿ ಎತ್ತರದ ಆಳು. ಶೂ ಬಿಚ್ಚಿ, ಪ್ಯಾಂಟು ಮಡಚಿ ಕುಣಿಗೆ ಇಳಿದರೆ ಮೊಣಕಾಲು ಮಗ್ಗಕ್ಕೆ ತಗಲುತ್ತಿತ್ತು. ಅಕ್ಕ ತಕ್ಷಣ ಕಿಟಕಿ ನೋಡಲು ಬಿಡಲಿಲ್ಲ. ಅಂಚಿನ ಎಳೆಗಳನ್ನು ತೋರಿಸಿ, "ಇವನ್ನು ಎಣಿಸ್ರಿ ಸಾರ್" ಅಂದಳು. ಎಣಿಸಿದರು. ತಪ್ಪಿತು. ಮತ್ತೆ ಮೊದಲಿಂದ ಎಣಿಸಿದರು. ಮೂರನೇ ಸಲಕ್ಕೆ ಕಣ್ಣಲ್ಲಿ ನೀರು ಬಂತು.

"ಈಗ ಕಣ್ಣೆತ್ತಿ ಬೆಟ್ಟ ನೋಡ್ರಿ ಸಾರ್. ಕಾಣ್ತೈತಾ?"

ಅಧಿಕಾರಿ ಕಣ್ಣುಜ್ಜಿಕೊಂಡು ಕಿಟಕಿ ನೋಡಿದರು. "ಇಲ್ಲಮ್ಮಾ, ಬರೀ ಹಲ್ಲು ಕಾಣ್ತಿದೆ" ಅಂದರು.

ಕೋಣೆಗೆ ಕೋಣೆಯೇ ನಕ್ಕಿತಂತೆ. ಅಧಿಕಾರಿಗೆ ಕುಣಿಯಿಂದ ಏಳಲಾಗದೆ, ಬೆಟ್ಟ ಯಾರಪ್ಪನದೆಂದು ಕೇಳಿದ್ದ ಸದಸ್ಯರೇ ಕೈ ಕೊಟ್ಟು ಎತ್ತಿದರು. "ನೀವೂ ಇಳೀರಿ" ಎಂದು ಅಧಿಕಾರಿ ಅವರನ್ನೂ ಕೂರಿಸಿದರು. ಆ ಸದಸ್ಯರ ತಾಯಿಯೂ ನೇಯುತ್ತಿದ್ದವರಂತೆ. ಕೂತವರು ಅಂಚಿನ ಎಳೆಗಳ ಮೇಲೆ ಬೆರಳಾಡಿಸಿ ಕಿಟಕಿ ನೋಡಿದರು. ಎದ್ದ ಮೇಲೆ, ಬೋರ್ಡು ತೆಗೆಸಬೇಕೆಂದು ಮೊದಲು ಕೈ ಎತ್ತಿದವರು ಅವರೇ.

ಹೊಸ ನಿಯಮ ಬಂತು. ಆ ರಸ್ತೆಯ ಬೆಟ್ಟದ ಬದಿಗೆ ಯಾವ ಜಾಹೀರಾತು ಬೋರ್ಡೂ ಕೂಡದು. ಊರಿನ ಬೇರೆ ಕಡೆ ಬೋರ್ಡು ನಿಲ್ಲಿಸಲು ಅನುಮತಿ ಕೊಡುವ ಮೊದಲು ಸಿಬ್ಬಂದಿ ಎದುರಿನ ಮನೆಗಳ ಒಳಗೆ ಹೋಗಿ, ಕುಳಿತು ನೋಡಿ ವರದಿ ಕೊಡತಕ್ಕದ್ದು. ಆ 'ಕುಳಿತು' ಎಂಬ ಮಾತನ್ನು ಹಟ ಹಿಡಿದು ಸೇರಿಸಿದವಳು ನನ್ನ ಅಕ್ಕ. ಅವಳು ಶಾಲೆಗೆ ಹೋದದ್ದು ನನಗಿಂತಲೂ ಕಡಿಮೆ.

ಬೋರ್ಡು ತೆಗೆಸಲು ಪಂಚಾಯಿತಿ ವೆಲ್ಡರನ್ನು ಹುಡುಕುತ್ತಿದೆ ಎಂದು ಕೇಳಿ, ನಾನೇ ಹೋಗಿ ಆ ಕೆಲಸ ಕೇಳಿಕೊಂಡೆ. ಕಂಟ್ರಾಕ್ಟರು ಫೋನ್ ಮಾಡಿ ಬೈದ. ಈ ಸಲ ಫೋನ್ ಆಫ್ ಮಾಡಲಿಲ್ಲ. "ಬೇರೆಯವರನ್ನ ನೋಡ್ಕೊಳ್ಳಿ" ಎಂದು ಹೇಳಿ ಇಟ್ಟೆ.

ಬೆಳಗ್ಗೆಯೇ ಗ್ಯಾಸ್ ಕಟರ್ ಹೊತ್ತುಕೊಂಡು ಹೋದೆ. ಬೀದಿಯ ಹೆಂಗಸರೆಲ್ಲ ಹೊರಗೆ ಬಂದಿದ್ದರು. ಹಾಳೆ ಹರಿದು ಜಾರುತ್ತಿದ್ದಂತೆ ಮೊದಲು ಬೆಟ್ಟದ ನೆತ್ತಿ, ಆಮೇಲೆ ನಡುವಿನ ಬಂಡೆಗಳು ಕಂಡವು. ಕೊನೆಯ ಕಂಬ ನೆಲಕ್ಕುರುಳಿದಾಗ ಧೂಳೆದ್ದಿತು. ಧೂಳು ಇಳಿದ ಮೇಲೆ ಪೂರ್ತಿ ಬೆಟ್ಟ ನಿಂತಿತ್ತು. "ವಚ್ಚಿಂದಿ! ಬಂತು ನೋಡ್ರೇ!" ಎಂದು ಅಜ್ಜಿ ಚಪ್ಪಾಳೆ ತಟ್ಟಿದರು. ಹೆಂಗಸರು ಕೂಗಿದ ಕೂಗಿಗೆ ಹೋಗುತ್ತಿದ್ದ ಬಸ್ಸೊಂದು ನಿಂತು, ಜನ ಕಿಟಕಿಯಿಂದ ತಲೆ ಹೊರಹಾಕಿ ನೋಡಿದರು.

ಅಕ್ಕ ನೀರು ತಂದುಕೊಟ್ಟಳು. ಪಕ್ಕದ ಮನೆಯವಳು ನನ್ನನ್ನು ನೋಡಿ, "ಇವನೇನಾ ನಿನ್ ತಮ್ಮ? ಅವತ್ತು ಬರ್ತೀನಂದವನು?" ಎಂದು ಕೇಳಿದಳು.

"ಅವನೇ ಕಣೆ. ಅವತ್ತು ದಾರಿಯಾಗೆ ಬಸ್ಸು ಕೆಟ್ಟೋಗಿತ್ತು, ಪಾಪ" ಅಂದಳು ಅಕ್ಕ.

ಅಷ್ಟು ದಿನವೂ ಬೀದಿಗೆಲ್ಲ ಅವಳು ಹಾಗೇ ಹೇಳಿಕೊಂಡು ಬಂದಿದ್ದಳು. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಚೊಂಬು ಕೆಳಗಿಟ್ಟೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಬಸ್ಸು ಕೆಟ್ಟಿರಲಿಲ್ಲಕ್ಕಾ. ನಾನೇ ಹೆದರ್ಕಂಡು ಇಳಿದು ವಾಪಸ್ ಹೋದೆ. ನೀನು ಒಬ್ಳೇ ನಿಂತ್ಕಂಡಿರ್ತೀಯ ಅಂತ ಗೊತ್ತಿದ್ದೂ ಹೋದೆ. ನಂದು ತಪ್ಪಾಯ್ತು. ನನ್ನ ಕ್ಷಮಿಸಕ್ಕಾ."